ಸಿಗಡಿ ಚಿಪ್ಪಿನ ಮ್ಯಾಗ್ನೆಟ್ ಪುಡಿ: ರೇಷ್ಮೆ ಕೊಪ್ಪರಿಗೆಗೆ ಸೈ, ಹತ್ತಿಗೆ ಬೇಡ

ನೂಲಿಗೆ ಬಣ್ಣ ಹಾಕಿ ಉಳಿದ ನೀರಿನಿಂದ ಬಣ್ಣ ತೆಗೆಯುವ ಮ್ಯಾಗ್ನೆಟ್ ಪುಡಿ ಹೇಗಿದೆ, ತಗೊಳ್ಳಬಹುದಾ ಅಂತ ದೊಡ್ಡಬಳ್ಳಾಪುರದ ಕಡೆಯ ಕೆಲವು ಬಣ್ಣದ ಮನೆಯವರು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ರೇಷ್ಮೆಗೆ ಆಸಿಡ್ ಬಣ್ಣ ಹಾಕುವವರು ತಗೊಳ್ಳಿ. ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ ಹಾಕುವವರು ಸದ್ಯಕ್ಕೆ ದುಡ್ಡು ಜೇಬಿನಲ್ಲೇ ಇಟ್ಟುಕೊಳ್ಳಿ. ಯಾಕೆ ಅನ್ನುವುದೇ ಉಳಿದ ಕತೆ.

ನಮ್ಮದು ಚಿಕ್ಕ ಯೂನಿಟ್ಟು. ಮುಖ್ಯವಾಗಿ ರೇಷ್ಮೆ ಲಡಿ, ಆರ್ಡರ್ ಬಂದಾಗ ಸ್ವಲ್ಪ ಹತ್ತಿ. ಇಟಿಪಿ (ಕೊಳೆನೀರು ಶುದ್ಧ ಮಾಡುವ ಘಟಕ) ಅಂತ ಇರುವುದು ಒಂದು ತೊಟ್ಟಿ, ಆಲಂ (ಪಟಿಕ), ಸುಣ್ಣ ಮತ್ತು ಮರಳಿನ ಫಿಲ್ಟರ್. ಇಷ್ಟರಲ್ಲಿ ನೀರಿನ ಕಸ ಕೂರುತ್ತದೆ, ಬಣ್ಣ ಕೂರುವುದಿಲ್ಲ. ಕೂರುವುದೂ ಕಷ್ಟ ಬಿಡಿ. ಆಸಿಡ್ ಬಣ್ಣ, ರಿಯಾಕ್ಟಿವ್ ಬಣ್ಣ ಎರಡೂ ನೀರಿನಲ್ಲಿ ಪೂರ್ತಿ ಕರಗಿಹೋಗುವ ಜಾತಿ, ಅವಕ್ಕೆ ಆಲಂ ಅಂದರೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಕೆಲವರು ಮಾಡುವುದು ಏನು? ಬ್ಲೀಚಿಂಗ್ ಪುಡಿ ಎರಚುವುದು. ನೀರು ಬೆಳ್ಳಗಾಗುತ್ತದೆ, ಆದರೆ ಬಣ್ಣ ಒಡೆದು ಆದ ಚೂರುಗಳು ಕ್ಲೋರಿನ್ ಸೇರಿಸಿಕೊಂಡು ಅಲ್ಲೇ ಇರುತ್ತವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಆ ದಾರಿ ನನಗೆ ಬೇಡ ಅನಿಸಿತ್ತು. ಅದಕ್ಕೇ ಈ ಪುಡಿ ತರಿಸಿದ್ದು.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಸಿಗಡಿ, ಏಡಿ ಚಿಪ್ಪಿನಲ್ಲಿ ಕೈಟಿನ್ ಅನ್ನುವ ವಸ್ತು ಇರುತ್ತದೆ. ಅದನ್ನು ಗಟ್ಟಿ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಕೈಟೋಸಾನ್ ಸಿಗುತ್ತದೆ. ನಮ್ಮಲ್ಲಿ ಇದರ ಕೆಲಸ ಹೊಸದೇನಲ್ಲ, ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಚಿಪ್ಪಿನಿಂದ ಕೈಟೋಸಾನ್ ತೆಗೆಯುವ ವಿಧಾನವನ್ನು ಎಂದೋ ರೂಢಿಗೆ ತಂದಿದೆ. ಇನ್ನೊಂದು ಕಡೆ ಕಬ್ಬಿಣದ ಎರಡು ಲವಣ, ಎರಡು ಪಾಲು ಫೆರಿಕ್ ಒಂದು ಪಾಲು ಫೆರಸ್, ಕರಗಿಸಿ ಅಮೋನಿಯಾ ಅಥವಾ ಕಾಸ್ಟಿಕ್ ಹಾಕಿದರೆ ಕಪ್ಪಗೆ ಮ್ಯಾಗ್ನೆಟೈಟ್ ಇಳಿಯುತ್ತದೆ. ಅದರ ಅತಿ ಸಣ್ಣ ಕಣಗಳನ್ನು ಕೈಟೋಸಾನ್ ಒಳಗೆ ಸೇರಿಸಿ ಗಟ್ಟಿ ಮಾಡಿದರೆ ಈ ಪುಡಿ. ಬಣ್ಣ ಹಿಡಿಯುವುದು ಕೈಟೋಸಾನ್ ಕೆಲಸ. ಹಿಡಿದಮೇಲೆ ನೀರಿನಿಂದ ಆಚೆ ಎಳೆಯಲು ಸಿಗುವ ಹಿಡಿಕೆ ಕಬ್ಬಿಣದ್ದು. ಸಾದಾ ಇದ್ದಿಲು ಪುಡಿಯೂ ಬಣ್ಣ ಹಿಡಿಯುತ್ತದೆ, ಆದರೆ ಆಮೇಲೆ ಆ ಮಸಿಯನ್ನು ನೀರಿನಿಂದ ಬೇರೆ ಮಾಡುವುದಿದೆಯಲ್ಲ, ಬಟ್ಟೆ ಕಟ್ಟಿಕೊಳ್ಳುತ್ತದೆ, ಫಿಲ್ಟರ್ ಪ್ರೆಸ್ ಬೇಕಾಗುತ್ತದೆ, ಅದು ಚಿಕ್ಕ ಯೂನಿಟ್ಟಿನವರಿಗೆ ಆಗುವ ಮಾತಲ್ಲ.

ಸಿಗಡಿ ಅಂದ ತಕ್ಷಣ ಒಬ್ಬ ಗಿರಾಕಿ ಮುಖ ಸಿಂಡರಿಸಿದರು, ಮದುವೆ ಸೀರೆ ಸ್ವಾಮಿ ಅಂದರು. ಪುಡಿ ರೇಷ್ಮೆಗೆ ತಾಗುವುದೇ ಇಲ್ಲ, ಲಡಿ ಎತ್ತಿ ಆದಮೇಲೆ ಉಳಿದ ನೀರಿಗೆ ಹಾಕುವುದು ಅಂತ ಹೇಳಿದೆ. ರೇಷ್ಮೆ ಹುಳದ ಪ್ಯೂಪಾದಲ್ಲೂ ಕೈಟಿನ್ ಇದೆ ಅಂತ ಹೇಳಲು ಹೋಗಲಿಲ್ಲ. ಆದರೆ ಯೋಚಿಸಿ, ರಾಮನಗರದ ರೀಲಿಂಗ್ ಮನೆಗಳಲ್ಲಿ ಅಷ್ಟೊಂದು ಪ್ಯೂಪಾ ಬರುತ್ತದೆ. ಯಾರಾದರೂ ಅದರಿಂದಲೇ ಈ ಪುಡಿ ಮಾಡಿದರೆ ರೇಷ್ಮೆಯ ಕೊಳೆಯನ್ನು ರೇಷ್ಮೆ ಹುಳವೇ ತೊಳೆದ ಹಾಗೆ ಆಗುತ್ತದೆ, ಅಲ್ವಾ?

ಮಾರಿದವರು ಎರಡು ಡಬ್ಬ ಕಳಿಸಿದ್ದರು. ಒಂದು ಈ ಕೈಟೋಸಾನ್ ಪುಡಿ, ಇನ್ನೊಂದು ತೆಂಗಿನ ಚಿಪ್ಪಿನ ಇದ್ದಿಲಿಗೆ ಕಬ್ಬಿಣ ಕೂರಿಸಿದ್ದು. ಕಂಪನಿ ಹೆಸರು ಹಾಕುವುದಿಲ್ಲ, ಕೇಳಬೇಡಿ. ಪ್ಯಾಕಿಂಗ್ ಚೆನ್ನಾಗಿತ್ತು, ಪುಡಿ ಒಣಗಿತ್ತು, ಮೀನಿನ ವಾಸನೆ ಏನೂ ಇಲ್ಲ. ನಮ್ಮ ಕೊಪ್ಪರಿಗೆ ನೋಡಿಕೊಳ್ಳುವ ಹುಡುಗ ಡಬ್ಬ ತೆಗೆದು ನೋಡಿ, "ಏನಣ್ಣ ಇದು, ಬಣ್ಣ ತೆಗೆಯೋಕೆ ಮಸಿ ಹಾಕ್ತೀರಾ?" ಅಂದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ, ನೋಡಲು ಹಾಗೇ ಇದೆ.

ಮೊದಲು ಮರೂನ್ ನೀರಿಗೆ ಹಾಕಿದೆವು. ರೇಷ್ಮೆಗೆ ಬಣ್ಣ ಹಾಕುವವರಿಗೆ ಗೊತ್ತು, ಆಸಿಡ್ ಬಣ್ಣಕ್ಕೆ ಅಸಿಟಿಕ್ ಆಸಿಡ್ ಹಾಕಿ ಪಿಎಚ್ (ಹುಳಿ, ಕ್ಷಾರದ ಅಳತೆ; ಏಳಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 4ರಿಂದ 5ರ ಆಸುಪಾಸು ಇಟ್ಟು, 85–90 ಡಿಗ್ರಿವರೆಗೆ ಕಾಯಿಸುತ್ತೇವೆ. ಲಡಿ ಎತ್ತಿದ ಮೇಲೆ ಉಳಿಯುವ ನೀರು ಹುಳಿಯಾಗಿಯೇ ಇರುತ್ತದೆ. ಈ ಪುಡಿಗೆ ಬೇಕಾದದ್ದೂ ಅದೇ! ಕೈಟೋಸಾನ್‌ನಲ್ಲಿ ಅಮೈನೋ ಗುಂಪುಗಳಿವೆ. ಪಿಎಚ್ ಸುಮಾರು ಆರೂವರೆಗಿಂತ ಕೆಳಗೆ ಇಳಿದರೆ ಅವುಗಳ ಮೇಲೆ ಪ್ಲಸ್ ಚಾರ್ಜ್ ಕೂರುತ್ತದೆ. ಆಸಿಡ್ ಬಣ್ಣದ ಕಣಕ್ಕೆ ಸಲ್ಫೋನೇಟ್ ಬಾಲ ಇರುತ್ತದೆ, ಅದು ಮೈನಸ್. ಎರಡೂ ಒಂದನ್ನೊಂದು ಎಳೆದುಕೊಳ್ಳುತ್ತವೆ. ನಿಜ ಹೇಳಬೇಕೆಂದರೆ ರೇಷ್ಮೆಗೆ ಬಣ್ಣ ಹತ್ತುವುದೂ ಹೆಚ್ಚುಕಡಿಮೆ ಇದೇ ರೀತಿ, ರೇಷ್ಮೆಯಲ್ಲೂ ಅಮೈನೋ ಗುಂಪುಗಳಿವೆ. ಅಂದರೆ ರೇಷ್ಮೆ ಬಿಟ್ಟ ಬಣ್ಣವನ್ನು ಈ ಪುಡಿ ತಾನು ಹತ್ತಿಸಿಕೊಳ್ಳುತ್ತದೆ.

ನೀರು ಆರಿದ ಮೇಲೆ ಪುಡಿ ಹಾಕಿ ಮರದ ಕೋಲಿನಿಂದ ಕದಡಿದೆವು. ಐದು ನಿಮಿಷ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಪುಡಿಯೇ ಕಪ್ಪು, ನೀರೆಲ್ಲಾ ಇಜ್ಜಲು ಕಲಸಿದ ಹಾಗೆ ಕಾಣುತ್ತದೆ. ಗಾಜಿನ ಲೋಟದಲ್ಲಿ ಒಂದಿಷ್ಟು ತೆಗೆದು ಕೆಳಗೆ ಮ್ಯಾಗ್ನೆಟ್ ಇಟ್ಟರೆ ಆಗ ತಿಳಿಯುತ್ತದೆ. ಕಪ್ಪು ಸರ್ರನೆ ತಳಕ್ಕೆ ಎಳೆದುಕೊಂಡು, ಮ್ಯಾಗ್ನೆಟ್ಟಿನ ಆಕಾರಕ್ಕೆ ಸರಿಯಾಗಿ ದುಂಡಗೆ ಕೂರುತ್ತದೆ, ಲೋಟ ಅಲ್ಲಾಡಿಸಿದರೂ ಏಳುವುದಿಲ್ಲ. ಮೇಲಿನ ನೀರು ಹತ್ತು ನಿಮಿಷಕ್ಕೆ ದಾಳಿಂಬೆ ಕೆಂಪಿಗೆ ಇಳಿದಿತ್ತು, ಮುಕ್ಕಾಲು ಗಂಟೆಗೆ ತಿಳಿ ಹಳದಿ. ಆ ಹಳದಿ ಹೋಗುವುದಿಲ್ಲ, ಎಷ್ಟು ಹೊತ್ತು ಕದಡಿದರೂ ಅಷ್ಟೆ. ಬಣ್ಣ ಸಮನಾಗಿ ಹತ್ತಲು ಹಾಕುವ ಲೆವೆಲಿಂಗ್ ಏಜೆಂಟ್, ರೇಷ್ಮೆಯ ಮಿಕ್ಕ ಗೋಂದು ಇಂಥವೆಲ್ಲ ನೀರಿನಲ್ಲಿ ಇರುತ್ತವಲ್ಲ, ಅದರದ್ದು ಅಂತ ನನ್ನ ಲೆಕ್ಕ. ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಜವಳಿ ಘಟಕಗಳ ಹೊರನೀರಿಗೆ ಬಣ್ಣದ ಮಿತಿ 150 ಪ್ಲಾಟಿನಂ-ಕೋಬಾಲ್ಟ್ ಯೂನಿಟ್ (ನೀರಿನ ಬಣ್ಣ ಅಳೆಯುವ ಅಳತೆ) ಅಂತ ಇಟ್ಟಿದೆ. ಲ್ಯಾಬಿನಲ್ಲಿ ಮರೂನ್, ನೇವಿ ಎರಡೂ ಅದರೊಳಗೇ ಬಂದವು. ಆಲಂ ಒಂದನ್ನೇ ನಂಬಿಕೊಂಡಿದ್ದಾಗ ಆ ಹತ್ತಿರಕ್ಕೂ ಹೋಗುತ್ತಿರಲಿಲ್ಲ.

ಒಂದು ಎಚ್ಚರ. ಡೀಗಮ್ಮಿಂಗ್ ನೀರು, ಅಂದರೆ ಸೋಪು ಸೋಡಾ ಹಾಕಿ ರೇಷ್ಮೆಯ ಗೋಂದು ತೆಗೆದ ನೀರು, ಇದಕ್ಕೆ ಸೇರಬಾರದು. ಅದು ಕ್ಷಾರ, ಪಿಎಚ್ ಮೇಲೆ ಹೋಯಿತು ಅಂದರೆ ಚಾರ್ಜ್ ಹೋಯಿತು. ಜೊತೆಗೆ ಆ ಗೋಂದು ಪುಡಿಯ ಮೇಲೆ ಲೇಪದ ತರ ಕೂರುತ್ತದೆ. ನಮ್ಮಲ್ಲಿ ಎಲ್ಲಾ ಮೋರಿಯೂ ಒಂದೇ ತೊಟ್ಟಿಗೆ ಹೋಗುತ್ತಿತ್ತು. ಬಣ್ಣದ ನೀರಿಗೆ ಬೇರೆ ಪೈಪ್ ಹಾಕಿಸಬೇಕಾಯಿತು. ಪುಡಿಯ ಬೆಲೆ ನೋಡುವಾಗ ಆ ಪೈಪಿನ ಖರ್ಚನ್ನೂ ಸೇರಿಸಿಕೊಳ್ಳಿ, ಮಾರುವವರು ಅದನ್ನು ಹೇಳುವುದಿಲ್ಲ.

ಅವರು ಹೇಳದ ಇನ್ನೊಂದು ವಿಷಯ ಮ್ಯಾಗ್ನೆಟ್ಟಿನದು. ವಿಡಿಯೋದಲ್ಲಿ ಚಿಕ್ಕ ಬಾಟಲಿ ಪಕ್ಕ ಮ್ಯಾಗ್ನೆಟ್ ಹಿಡಿಯುತ್ತಾರೆ, ಎಣಿಸುವಷ್ಟರಲ್ಲಿ ನೀರು ತಿಳಿ. ಅದೇ ಮ್ಯಾಗ್ನೆಟ್ಟನ್ನು 200 ಲೀಟರಿನ ನೀಲಿ ಡ್ರಮ್ಮಿಗೆ ಹೊರಗಿನಿಂದ ಅಂಟಿಸಿ ನೋಡಿ! ಗೋಡೆಯ ಹತ್ತಿರದ ಎರಡು ಬೆರಳು ನೀರಿನಿಂದ ಪುಡಿ ಬರುತ್ತದೆ, ನಡುವಿನದು ಅಲ್ಲೇ ತೇಲುತ್ತಿರುತ್ತದೆ. ದೂರ ಹೋದ ಹಾಗೆ ಮ್ಯಾಗ್ನೆಟ್ಟಿನ ಹಿಡಿತ ಬಹಳ ಬೇಗ ಕುಸಿಯುತ್ತದೆ, ಕಣ ಸಣ್ಣದಾದಷ್ಟು ಇನ್ನೂ ಕಷ್ಟ. ಹಾಗಾಗಿ ಮ್ಯಾಗ್ನೆಟ್ಟನ್ನು ನೀರಿನ ಒಳಗೇ ಇಳಿಸಬೇಕು. ನಾವು ಮಾಡಿದ್ದು ಹೀಗೆ: ಒಂದು ಕಡೆ ಮುಚ್ಚಿದ 304 ಸ್ಟೀಲ್ ಪೈಪುಗಳನ್ನು ಸಾಲಾಗಿ ನಿಲ್ಲಿಸಿ, ಒಳಗೆ ನಿಯೋಡಿಮಿಯಂ ಕಡ್ಡಿ ಇಳಿಬಿಟ್ಟು, ಆ ಸಾಲಿನ ನಡುವೆ ನೀರು ನಿಧಾನಕ್ಕೆ ಹರಿಯುವ ಹಾಗೆ ಬಿಟ್ಟೆವು. ಪುಡಿ ಪೈಪಿನ ಹೊರಮೈಗೆ ಕಂಬಳಿಹುಳದ ಹಾಗೆ ರೋಮ ರೋಮವಾಗಿ ನಿಲ್ಲುತ್ತದೆ. ಕಡ್ಡಿ ಹೊರಗೆ ಎಳೆದುಕೊಂಡರೆ ತಾನಾಗಿಯೇ ಕಳಚಿ ಬೀಳುತ್ತದೆ, ಯಾಕೆಂದರೆ ಅಷ್ಟು ಸಣ್ಣ ಮ್ಯಾಗ್ನೆಟೈಟ್ ಕಣಗಳು ಮ್ಯಾಗ್ನೆಟ್ ಪಕ್ಕದಲ್ಲಿದ್ದಾಗ ಮಾತ್ರ ಮ್ಯಾಗ್ನೆಟ್, ಅದು ಹೋದಮೇಲೆ ಸಾದಾ ಪುಡಿ. ಇದು ನನಗೆ ತುಂಬಾ ಹಿಡಿಸಿದ ಭಾಗ.

ನಿಯೋಡಿಮಿಯಂ ಬಗ್ಗೆ ಎರಡು ಮಾತು. ಮಾಮೂಲಿ ದರ್ಜೆಯದು ಸುಮಾರು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ, ತಣ್ಣಗಾದ ಮೇಲೂ ಪೂರ್ತಿ ವಾಪಸ್ ಬರುವುದಿಲ್ಲ. ನಮ್ಮ ಕೊಪ್ಪರಿಗೆ ಅದಕ್ಕಿಂತ ಬಿಸಿ. ಹಾಗಾಗಿ ಬಿಸಿ ನೀರಿಗೆ ಇಳಿಸಲೇಬೇಡಿ, ಆರಲು ಬೇರೆ ತೊಟ್ಟಿ ಇರಲಿ. ಎರಡನೆಯದು, ಎರಡು ಕಡ್ಡಿಗಳನ್ನು ಹತ್ತಿರ ತಂದರೆ ನಡುವೆ ಬೆರಳು ಸಿಕ್ಕಿ ಜಜ್ಜುತ್ತದೆ. ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು. ಇವೆರಡೂ ಡಬ್ಬದ ಮೇಲೆ ಇರಲಿಲ್ಲ, ಇರಬೇಕಿತ್ತು.

ಈಗ ಲೆಕ್ಕಕ್ಕೆ ಬರೋಣ. ಹತ್ತು ಕೆಜಿ ರೇಷ್ಮೆಗೆ ಎರಡು ಪರ್ಸೆಂಟ್ ಶೇಡ್ ಅಂದರೆ 200 ಗ್ರಾಂ ಬಣ್ಣ. ನೂರಕ್ಕೆ ತೊಂಬತ್ತು ಭಾಗ ಹತ್ತಿತು ಅಂತಿಟ್ಟುಕೊಳ್ಳಿ, ನೀರಿನಲ್ಲಿ ಉಳಿಯುವುದು 20 ಗ್ರಾಂ. ಒಂದು ಗ್ರಾಂ ಪುಡಿ 200 ಮಿಲಿಗ್ರಾಂ ಬಣ್ಣ ಹಿಡಿಯುವುದಾದರೆ 100 ಗ್ರಾಂ ಪುಡಿ ಸಾಕು. ಕಾಗದದ ಮೇಲೆ ಚೆನ್ನಾಗಿದೆ. ಕೊಪ್ಪರಿಗೆಯಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ ಹೋಯಿತು. ಪುಡಿ ಕಲಬೆರಕೆ ಅಂತಲ್ಲ. ಗ್ರಾಂಗೆ ಇಷ್ಟು ಮಿಲಿಗ್ರಾಂ ಅಂತ ಲೇಬಲ್ಲಿನಲ್ಲಿ ಬರೆಯುವ ಅಂಕಿ ಇದೆಯಲ್ಲ, ಅದು ಪುಡಿ ಹೊಟ್ಟೆ ಬಿರಿಯ ಬಣ್ಣ ಕುಡಿದಾಗಿನ ಅಂಕಿ, ಅಂದರೆ ಡಿಸ್ಟಿಲ್ಡ್ ನೀರಿನಲ್ಲಿ ಒಂದೇ ಬಣ್ಣವನ್ನು ಗಟ್ಟಿಯಾಗಿ ಕರಗಿಸಿ ತೆಗೆದದ್ದು. ನಮಗೆ ಬೇಕಾದದ್ದು ಕೊನೆಯಲ್ಲಿ ಉಳಿಯುವ ಚೂರುಪಾರು ಬಣ್ಣವನ್ನೂ ಹಿಡಿಯುವುದು. ನೀರು ತೆಳುವಾದಷ್ಟೂ ಪುಡಿ ಹಿಡಿಯುವ ಪ್ರಮಾಣ ಇಳಿಯುತ್ತದೆ. ಅದರ ಮೇಲೆ ಬಣ್ಣದ ಜೊತೆ ಹಾಕುವ ಗ್ಲಾಬರ್ ಉಪ್ಪು, ಲೆವೆಲಿಂಗ್ ಏಜೆಂಟ್ ಎಲ್ಲವೂ ಅದೇ ಜಾಗಕ್ಕೆ ಪೈಪೋಟಿ.

ಲೇಬಲ್ ಜೊತೆ ಕೊಟ್ಟ ಹಾಳೆಯಲ್ಲಿ ದೊಡ್ಡ ಅಂಕಿ ಬಂದಿದ್ದು ಕಾಂಗೋ ರೆಡ್ ಅನ್ನುವ ಹಳೇ ಬಣ್ಣಕ್ಕೆ. ಕಾಂಗೋ ರೆಡ್ ಅನ್ನು ಈಗ ಯಾರು ಸೀರೆಗೆ ಹಾಕುತ್ತಾರೆ ಸ್ವಾಮಿ? ಅದು ಬೆಂಜಿಡಿನ್‌ನಿಂದ ಮಾಡಿದ್ದು, ಕ್ಯಾನ್ಸರ್ ಭಯಕ್ಕೆ ಬಟ್ಟೆಯಿಂದ ಎಂದೋ ಹೋಗಿದೆ. ಲ್ಯಾಬಿನವರಿಗೆ ಸುಲಭಕ್ಕೆ ಸಿಗುತ್ತದೆ, ಅದಕ್ಕೆ ಪರೀಕ್ಷೆಯಲ್ಲಿ ಇನ್ನೂ ಇದೆ. ನೀವು ತಗೊಳ್ಳುವ ಮುಂಚೆ ನಿಮ್ಮದೇ ಕೊಪ್ಪರಿಗೆಯ ನೀರು ಎರಡು ಬಾಟಲಿ ಕೊಟ್ಟು, ಇದರಲ್ಲಿ ಮಾಡಿ ತೋರಿಸಿ ಅನ್ನಿ.

ಹತ್ತಿ ವಿಷಯಕ್ಕೆ ಬಂದರೆ ಕತೆಯೇ ಬೇರೆ. ರಿಯಾಕ್ಟಿವ್ ಬಣ್ಣಕ್ಕೆ ಸೋಡಾ ಆ್ಯಶ್ ಹಾಕಿ ಪಿಎಚ್ ಹತ್ತು ಹನ್ನೊಂದಕ್ಕೆ ಏರಿಸುತ್ತೇವೆ, ಲೀಟರಿಗೆ 40ರಿಂದ 80 ಗ್ರಾಂ ಉಪ್ಪು ಬೇರೆ. ಹಾಕಿದ ಬಣ್ಣದಲ್ಲಿ ನೂರಕ್ಕೆ 20ರಿಂದ 40 ಭಾಗ ನೂಲಿಗೆ ಹಿಡಿಯದೆ ನೀರಿನ ಜೊತೆಯೇ ರಿಯಾಕ್ಟ್ ಆಗಿ ಹಾಳಾಗಿ ಮೋರಿಗೆ ಹೋಗುತ್ತದೆ. ಹತ್ತು ಕೆಜಿ ನೂಲಿಗೆ ಐದು ಪರ್ಸೆಂಟ್ ಕಪ್ಪು ಅಂದರೆ 500 ಗ್ರಾಂ ಬಣ್ಣ, ಅದರಲ್ಲಿ 30 ಭಾಗ ಅಂದರೂ 150 ಗ್ರಾಂ ನೀರಿನಲ್ಲಿ! ರೇಷ್ಮೆಯ 20 ಗ್ರಾಂ ಎಲ್ಲಿ, ಇದು ಎಲ್ಲಿ. ಆ ಪಿಎಚ್‌ನಲ್ಲಿ ಕೈಟೋಸಾನ್ ಮೇಲೆ ಪ್ಲಸ್ ಚಾರ್ಜೇ ಇಲ್ಲ, ಪುಡಿ ಸುಮ್ನೆ ತೇಲುತ್ತದೆ. ಆಸಿಡ್ ಹಾಕಿ ಇಳಿಸಿ ನೋಡಿದೆವು, ಹಿಡಿಯಿತು, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟು ಸೋಡಾವನ್ನು ಸಾಯಿಸಲು ಹೋಗುವ ಆಸಿಡ್ ಖರ್ಚು, ಅದರಿಂದ ಇನ್ನಷ್ಟು ಉಪ್ಪು, ಜೊತೆಗೆ ನೂಲು ತೊಳೆದಷ್ಟೂ ಬಣ್ಣ ಬಿಡುತ್ತದೆ, ಆ ತೊಳೆದ ನೀರು ಕೊಪ್ಪರಿಗೆಯ ನೀರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಲೆಕ್ಕ ಹಾಕಿ ಪೆನ್ನು ಕೆಳಗಿಟ್ಟೆ.

ಇನ್ನು ಉಪ್ಪು ಹೇಗೂ ಹೋಗುವುದಿಲ್ಲ. 2016ರ ಅದೇ ಪಟ್ಟಿಯಲ್ಲಿ ಕರಗಿದ ಘನವಸ್ತು, ಅಂದರೆ ಟಿಡಿಎಸ್, ಲೀಟರಿಗೆ 2100 ಮಿಲಿಗ್ರಾಂ ಮೀರಬಾರದು ಅಂತಿದೆ. ರಿಯಾಕ್ಟಿವ್ ಕೊಪ್ಪರಿಗೆಯಲ್ಲಿ ಬರೀ ಉಪ್ಪೇ 40,000ಕ್ಕಿಂತ ಮೇಲೆ. ನೀರು ಗಾಜಿನ ಹಾಗೆ ಕಂಡರೂ ಗದ್ದೆಗೆ ಬಿಟ್ಟರೆ ಬೆಳೆ ಸಾಯುತ್ತದೆ. ತಿರುಪ್ಪೂರಿನಲ್ಲಿ ನೊಯ್ಯಲ್ ನದಿಗೆ, ಒರತ್ತುಪಾಳಯಂ ಅಣೆಕಟ್ಟಿಗೆ ಆದದ್ದು ಇದೇ, ಬಣ್ಣದ ಜೊತೆ ಉಪ್ಪು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಡೈಯಿಂಗ್ ಘಟಕಗಳಿಗೆ ಬೀಗ ಹಾಕಿಸಿತು. ಆಮೇಲೆ ಅಲ್ಲಿ ಆರ್‌ಒ, ಆವಿ ಮಾಡುವ ಯಂತ್ರ ಎಲ್ಲಾ ಇಟ್ಟು ಹನಿ ನೀರೂ ಹೊರಗೆ ಬಿಡದ ಹಾಗೆ ಮಾಡಬೇಕಾಯಿತು. ಪುಡಿ ಮಾರಲು ಬಂದವರು ತಿರುಪ್ಪೂರಿನ ಸಮಸ್ಯೆಗೂ ಇದೇ ಪರಿಹಾರ ಅಂದರು. ಅಲ್ಲ. ಆರ್‌ಒ ಮುಂದೆ ಇಟ್ಟರೆ ಪೊರೆ ಬೇಗ ಕಟ್ಟಿಕೊಳ್ಳದ ಹಾಗೆ ಸಹಾಯ ಮಾಡಬಹುದು, ಅಷ್ಟೆ.

ಎರಡನೇ ಡಬ್ಬ, ಅಂದರೆ ಮ್ಯಾಗ್ನೆಟ್ ಇದ್ದಿಲು, ಅದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ರಾಣಿ ಪಿಂಕ್ ತರದ ಹೊಳೆಯುವ ಶೇಡಿಗೆ ಇನ್ನೂ ಕೆಲವರು ಬೇಸಿಕ್ ಬಣ್ಣ ಸೇರಿಸುತ್ತಾರೆ. ಅದರ ಚಾರ್ಜ್ ಪ್ಲಸ್, ಕೈಟೋಸಾನ್ ಕೂಡ ಪ್ಲಸ್, ಹಾಗಾಗಿ ಒಂದಕ್ಕೊಂದು ಆಗಿಬರುವುದಿಲ್ಲ. ಅಲ್ಲಿ ಇದ್ದಿಲು ಪರವಾಗಿಲ್ಲ. ಆದರೆ ಈ ಡಬ್ಬದ ಪುಡಿಯಲ್ಲಿ ಎಲ್ಲಾ ಚೂರಿಗೂ ಕಬ್ಬಿಣ ಸರಿಯಾಗಿ ಕೂತಿರಲಿಲ್ಲ. ಮ್ಯಾಗ್ನೆಟ್ ಎಳೆದಮೇಲೂ ನೀರಿನ ಮೇಲೆ ಕಪ್ಪು ಕೆನೆ ತೇಲುತ್ತಿತ್ತು, ಕೊನೆಗೆ ಬಟ್ಟೆಯಲ್ಲೇ ಸೋಸಿದೆವು. ಸೋಸುವುದೇ ಆದರೆ ಸಾದಾ ಇದ್ದಿಲು ಸಾಕಲ್ಲ, ಅದಕ್ಕೆ ಯಾಕೆ ಇಷ್ಟು ಬೆಲೆ?

ಬೆಲೆ ಅಂದೆ, ಕೈಟೋಸಾನ್ ಪುಡಿ ಕೆಜಿ ಲೆಕ್ಕದಲ್ಲಿ ಸಾದಾ ಇದ್ದಿಲಿಗಿಂತ ಹಲವು ಪಟ್ಟು ಜಾಸ್ತಿ. ಒಂದು ಸಲ ಬಳಸಿ ಎಸೆದರೆ ಗಿಟ್ಟುವುದಿಲ್ಲ. ಮತ್ತೆ ಮತ್ತೆ ತೊಳೆದು ಬಳಸಿದರೆ ಗಿಟ್ಟುತ್ತದೆ. ತೆಳು ಕಾಸ್ಟಿಕ್ ನೀರಿನಲ್ಲಿ ಕದಡಿದರೆ ಪಿಎಚ್ ಏರಿ, ಚಾರ್ಜ್ ಹೋಗಿ, ಹಿಡಿದ ಬಣ್ಣವನ್ನು ಪುಡಿ ಬಿಡುತ್ತದೆ. ಆಮೇಲೆ ಪಿಎಚ್ ಏಳರ ಹತ್ತಿರ ಬರುವವರೆಗೆ ಸಾದಾ ನೀರಿನಲ್ಲಿ ತೊಳೆದು ಮತ್ತೆ ಕೊಪ್ಪರಿಗೆಗೆ. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸೋಲುತ್ತದೆ, ಮೊದಲಿನ ಹಾಗೆ ಹಿಡಿಯುವುದಿಲ್ಲ. ನಾವು ಹೊಸ ಪುಡಿಯನ್ನು ಒಂದೊಂದು ಹಿಡಿ ಸೇರಿಸುತ್ತಾ ನಡೆಸುತ್ತಿದ್ದೇವೆ. ಇಡ್ಲಿ ಹಿಟ್ಟು ಉಳಿಸಿ ಮುಂದಿನ ಹಿಟ್ಟಿಗೆ ಸೇರಿಸಿದ ಹಾಗೆ. ಒಮ್ಮೆ ಬಳಸಿದ ಪುಡಿಯನ್ನು ಒಣಗಲು ಬಿಡಬೇಡಿ, ಒದ್ದೆಯಾಗಿಯೇ ಮುಚ್ಚಿಡಿ. ಒಣಗಿದರೆ ಗಂಟು ಕಟ್ಟುತ್ತದೆ, ಕಪ್ಪು ಹೋಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕಂದಾದರೂ ಮ್ಯಾಗ್ನೆಟ್ಟಿಗೆ ಬರುತ್ತದೆ, ಆದರೆ ಗಂಟು ಒಡೆಯುವುದು ತಲೆನೋವು.

ಆ ಕಾಸ್ಟಿಕ್ ನೀರು ಏನಾಯಿತು ಅಂತ ಯಾರೂ ಕೇಳುವುದಿಲ್ಲ. ಬಣ್ಣ ಮಾಯವಾಗಿಲ್ಲ, ಕೊಪ್ಪರಿಗೆಯ 250 ಲೀಟರಿನಿಂದ ಒಂದು ಬಕೆಟಿಗೆ ಬಂದಿದೆ. ಅದನ್ನು ರಾತ್ರಿ ಮೋರಿಗೆ ಚೆಲ್ಲಿದರೆ ಇಷ್ಟೆಲ್ಲ ಮಾಡಿದ್ದು ದಂಡ. ನಮ್ಮ ಊರಿನ ಮೋರಿ ನೀರು ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಸೇರಿ ಅಲ್ಲಿನ ಜನ ಬೀದಿಗೆ ಇಳಿದದ್ದು ನಮಗೆಲ್ಲ ಗೊತ್ತೇ ಇದೆ. ನಾವು ಚಪ್ಪಟೆ ತೊಟ್ಟಿಯಲ್ಲಿ ಬಿಸಿಲಿಗೆ ಒಣಗಿಸಿ ಕೆಸರನ್ನು ಚೀಲದಲ್ಲಿ ತುಂಬಿಡುತ್ತಿದ್ದೇವೆ, ಮಳೆಗಾಲದಲ್ಲಿ ಇದು ಆಗುವುದಿಲ್ಲ, ಮೇಲೆ ಶೀಟು ಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಇಂಥ ಕೆಸರನ್ನು ಲೆಕ್ಕ ಇಟ್ಟು ಅನುಮತಿ ಇರುವ ಜಾಗಕ್ಕೇ ಕಳಿಸಬೇಕು, ನಮಗೆ ಹತ್ತಿರ ಅಂದರೆ ದಾಬಸ್‌ಪೇಟೆ. ನೇವಿ, ಕಪ್ಪಿಗೆ ಮೆಟಲ್ ಕಾಂಪ್ಲೆಕ್ಸ್ ಬಣ್ಣ (ಲೋಹ ಸೇರಿದ ಬಣ್ಣ) ಬಳಸುವವರು ಇನ್ನೂ ಹುಷಾರಾಗಿರಬೇಕು, ಅವುಗಳಲ್ಲಿ ಬಹಳಷ್ಟಕ್ಕೆ ಕ್ರೋಮಿಯಂ ಇರುತ್ತದೆ. ಒಂದು ಸಮಾಧಾನ, ಆಲಂ ಸುಣ್ಣದ ಕೆಸರಿಗೆ ಹೋಲಿಸಿದರೆ ಚೀಲಗಳು ತುಂಬಾ ಕಡಿಮೆ.

ತಗೊಳ್ಳುವವರು ಒಂದು ಪರೀಕ್ಷೆ ಮಾಡಲೇಬೇಕು. ಕೈಟೋಸಾನ್ ಅಸಿಟಿಕ್ ಆಸಿಡ್‌ನಲ್ಲಿ ಕರಗುವ ವಸ್ತು, ನಮ್ಮ ಕೊಪ್ಪರಿಗೆಯಲ್ಲಿ ಇರುವುದೂ ಅದೇ ಆಸಿಡ್! ಹಾಗಾಗಿ ಪುಡಿ ಮಾಡುವಾಗ ಗ್ಲೂಟರಾಲ್ಡಿಹೈಡ್ ಅಂಥದ್ದನ್ನು ಹಾಕಿ ಎಳೆಗಳನ್ನು ಒಂದಕ್ಕೊಂದು ಹೆಣೆದಿರಬೇಕು. ಹೆಣೆದಿದ್ದಾರೋ ಇಲ್ಲವೋ ಅಂತ ನೋಡಲು ಒಂದು ಚಿಟಿಕೆ ಪುಡಿಯನ್ನು ಅಸಿಟಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ರಾತ್ರಿಯೆಲ್ಲಾ ಬಿಡಿ. ಬೆಳಗ್ಗೆ ಬೆರಳಿಗೆ ಲೋಳೆ ಲೋಳೆ ಹತ್ತಿದರೆ ವಾಪಸ್ ಕಳಿಸಿ. ನೀರು ಹಳದಿ ಕಂದಾಗಿದ್ದರೆ ಕಬ್ಬಿಣ ಬಿಡುತ್ತಿದೆ ಅಂತ ಅರ್ಥ, ಅದೂ ಬೇಡ. ನಮಗೆ ಬಂದ ಕೈಟೋಸಾನ್ ಡಬ್ಬ ಇದರಲ್ಲಿ ಪಾಸಾಯಿತು.

ಮಾರಿದವರ ಸರ್ವಿಸ್ ಅಷ್ಟಕ್ಕಷ್ಟೆ. ಡೆಮೋ ದಿನ ಮೂರು ಜನ ಬಂದಿದ್ದರು, ದುಡ್ಡು ಕೊಟ್ಟಮೇಲೆ ಫೋನ್ ಎತ್ತುವವರು ಒಬ್ಬರೇ, ಅವರಿಗೂ ಪಿಎಚ್ ಅಂದರೆ ಏನು ಅಂತ ನಾನೇ ಹೇಳಬೇಕು. ಇದ್ದಿಲು ಡಬ್ಬದ ತಕರಾರಿಗೆ ಬೇರೆ ಬ್ಯಾಚ್ ಕಳಿಸುತ್ತೇವೆ ಅಂದಿದ್ದಾರೆ. ಬಂದರೆ ನೋಡೋಣ. ಕೈಟೋಸಾನ್ ಪುಡಿಗೆ ಮತ್ತೆ ಆರ್ಡರ್ ಹಾಕಿದ್ದೇನೆ, ಈ ಸಲ ಒಂದು ಷರತ್ತಿನ ಮೇಲೆ: ಸೋತುಹೋದ ಪುಡಿಯನ್ನು ಅವರೇ ವಾಪಸ್ ತಗೊಂಡು ಹೋಗಬೇಕು, ಅದನ್ನು ಬಿಲ್ಲಿನಲ್ಲಿ ಬರೆದುಕೊಡಬೇಕು. ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ. ಬರೆದುಕೊಡುವವರೆಗೆ ಅರ್ಧ ದುಡ್ಡು ನನ್ನ ಹತ್ತಿರವೇ ಇರುತ್ತದೆ.